ಅಂಕಪಟ್ಟಿ ಇಲ್ಲದ ಅಖಾಡ: ‘ಕಾಂಟೆಂಪರರಿ ಕಲರ್’ ನೋಡಿದ ಮೇಲೆ

ಎಂಬತ್ತರ ದಶಕದಲ್ಲಿ ‘ಟಾಕಿಂಗ್ ಹೆಡ್ಸ್’ ತಂಡದ ಗಾಯಕನಾಗಿ ಹೆಸರಾದ ಡೇವಿಡ್ ಬರ್ನ್ ಅವರಿಗೆ ಒಮ್ಮೆ ಒಂದು ಶಾಲಾ ತಂಡದಿಂದ ಕೋರಿಕೆ ಬಂತು. ತಮ್ಮ ‘ಕಲರ್ ಗಾರ್ಡ್’ ಪ್ರದರ್ಶನಕ್ಕೆ ಅವರ ಸಂಗೀತವನ್ನು ಬಳಸಿಕೊಳ್ಳಲು ಆ ಮಕ್ಕಳಿಗೆ ಅನುಮತಿ ಬೇಕಿತ್ತು. ಬರ್ನ್ ಒಪ್ಪಿದರು, ಪ್ರತಿಯಾಗಿ, ಇದೇನೆಂದು ನೋಡಲು ವಿಡಿಯೋ ಕಳಿಸಿ ಎಂದರು. ಬಂದ ಡಿವಿಡಿಯಲ್ಲಿ ಕಂಡದ್ದು ಅವರ ತಲೆಯಲ್ಲಿ ಉಳಿದುಬಿಟ್ಟಿತು. ಮುಂದೆ 2015ರ ಜೂನ್‌ನಲ್ಲಿ ಅವರು ಅಮೆರಿಕ ಮತ್ತು ಕೆನಡಾದ ಹತ್ತು ತಂಡಗಳನ್ನು ಟೊರಾಂಟೊ ಮತ್ತು ಬ್ರೂಕ್ಲಿನ್‌ನ ದೊಡ್ಡ ಒಳಾಂಗಣ ಕ್ರೀಡಾಂಗಣಗಳಿಗೆ ಕರೆಸಿ, ಸೇಂಟ್ ವಿನ್ಸೆಂಟ್, ನೆಲ್ಲಿ ಫರ್ಟಾಡೊ, ನಿಕೊ ಮ್ಯೂಲಿ ಮೊದಲಾದವರನ್ನು ಒಂದೊಂದು ತಂಡದ ಜೊತೆ ಜೋಡಿಸಿ, ವೇದಿಕೆಯಲ್ಲೇ ಸಂಗೀತ ನುಡಿಸುವಂತೆ ಮಾಡಿದರು. ಬಿಲ್ ರಾಸ್ ಮತ್ತು ಟರ್ನರ್ ರಾಸ್ ಎಂಬ ಸೋದರರು ಅದನ್ನು ‘ಕಾಂಟೆಂಪರರಿ ಕಲರ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. 2016ರ ಟ್ರೈಬೆಕಾ ಚಿತ್ರೋತ್ಸವದಲ್ಲಿ ಅದಕ್ಕೆ ಛಾಯಾಗ್ರಹಣ ಮತ್ತು ಸಂಕಲನದ ಪ್ರಶಸ್ತಿಗಳು ಬಂದವು.

ಈ ಚಿತ್ರವನ್ನು ನೋಡಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅಂಕಕ್ಕಾಗಿ ಕಟ್ಟಿದ ಕಲೆಯಿಂದ ಅಂಕವನ್ನು ತೆಗೆದುಬಿಟ್ಟರೆ ಏನು ಉಳಿಯುತ್ತದೆ? ಶಾಲೆಯ ವೇಷಭೂಷಣ ಸ್ಪರ್ಧೆಯಿಂದ ಹಿಡಿದು ವಿಶ್ವವಿದ್ಯಾಲಯದ ಯುವಜನೋತ್ಸವದವರೆಗೆ ತೀರ್ಪುಗಾರರ ಮೇಜಿನ ಮುಂದೆಯೇ ಕಲೆ ಕಲಿತ ನಮ್ಮಂಥವರಿಗೆ ಇದು ದೂರದ ಪ್ರಶ್ನೆಯೇನಲ್ಲ.

ಮೊದಲು ಈ ಕಲೆಯ ಬಗ್ಗೆ ಎರಡು ಮಾತು. ‘ಕಲರ್ ಗಾರ್ಡ್’ ಎಂದರೆ ಬಣ್ಣದ ಕಾವಲು ಎಂದಲ್ಲ. ಸೈನ್ಯದ ಭಾಷೆಯಲ್ಲಿ ‘ಕಲರ್ಸ್’ ಎಂದರೆ ಪಡೆಯ ಧ್ವಜ. ಅದನ್ನು ಹೊತ್ತು ಕಾಯುವವರು ಕಲರ್ ಗಾರ್ಡ್. ಅಮೆರಿಕದಲ್ಲಿ ಈ ಪಹರೆ ಮೆರವಣಿಗೆಯ ಬ್ಯಾಂಡುಗಳ ಜೊತೆ ಸೇರಿತು. ಶರತ್ಕಾಲದಲ್ಲಿ ಫುಟ್ಬಾಲ್ ಮೈದಾನದಲ್ಲಿ ಬ್ಯಾಂಡಿನೊಂದಿಗೆ ಬಾವುಟ ಬೀಸುವ ಮಕ್ಕಳು ಚಳಿಗಾಲದಲ್ಲಿ ಸುಮ್ಮನೆ ಕೂರಬೇಕೇಕೆ ಎಂದು ಬ್ಯಾಸ್ಕೆಟ್‌ಬಾಲ್ ಅಂಕಣದೊಳಕ್ಕೆ ಬಂದರು. ಅಲ್ಲಿ ಬ್ಯಾಂಡ್ ಇಲ್ಲ, ಧ್ವನಿಮುದ್ರಿತ ಸಂಗೀತ ಮಾತ್ರ. ಇದೇ ‘ವಿಂಟರ್ ಗಾರ್ಡ್’. 1977ರಲ್ಲಿ ‘ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆ ಹುಟ್ಟಿ, ಒಂದೊಂದು ಊರಿಗೆ ಒಂದೊಂದು ಬಗೆಯಾಗಿದ್ದ ನಿಯಮಗಳನ್ನು ಒಂದು ಮಾಡಿತು. 1978ರಲ್ಲಿ ಮ್ಯಾಸಚೂಸೆಟ್ಸ್‌ನ ಚಿಕೊಪಿಯಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಈಗ ಆ ಸ್ಪರ್ಧೆಯ ಮನೆ ಒಹಾಯೊ ರಾಜ್ಯದ ಡೇಟನ್ ನಗರ.

ಅಂಕಣದ ಮೇಲೆ ಬಣ್ಣ ಬಳಿದ ದೊಡ್ಡ ವಿನೈಲ್ ಹಾಸನ್ನು ಹಾಸುತ್ತಾರೆ. ಅದೇ ರಂಗಭೂಮಿ. ಕೈಯಲ್ಲಿ ಉದ್ದದ ಕೋಲಿಗೆ ಕಟ್ಟಿದ ರೇಷ್ಮೆಯಂಥ ಬಾವುಟ, ಗುಂಡು ಹಾರಿಸದ ಮರದ ರೈಫಲ್, ಮೊಂಡು ಕತ್ತಿ. ಇವನ್ನು ತಿರುಗಿಸುತ್ತ, ಮೇಲಕ್ಕೆಸೆಯುತ್ತ, ಹಿಡಿಯುತ್ತ ಆಧುನಿಕ ನೃತ್ಯ ಮಾಡುತ್ತಾರೆ. ಎಲ್ಲ ಮುಗಿಯಲು ಕೆಲವೇ ನಿಮಿಷ ಸಾಕು. ಆ ಕೆಲವು ನಿಮಿಷಗಳನ್ನೇ ತಂಡವು ಇಡೀ ಚಳಿಗಾಲ ತಿದ್ದುತ್ತದೆ, ವಾರವಾರವೂ ಬೇರೆ ಬೇರೆ ಊರಿನ ಸ್ಪರ್ಧೆಗಳಲ್ಲಿ ಆಡುತ್ತದೆ.

ಪ್ರೇಕ್ಷಕರನ್ನು ಹಿಡಿದಿಡುವುದು ಮುಖ್ಯವಾಗಿ ಆ ಎಸೆತ. ಎಂಟೋ ಹತ್ತೋ ಮಂದಿ ಒಂದೇ ಕ್ಷಣಕ್ಕೆ ರೈಫಲ್ ಮೇಲಕ್ಕೆಸೆಯುತ್ತಾರೆ. ಅದು ಗಾಳಿಯಲ್ಲಿ ಐದೋ ಆರೋ ಸುತ್ತು ಹಾಕುತ್ತದೆ. ಅಷ್ಟರಲ್ಲಿ ಎಸೆದವರು ಕೆಳಗೆ ತಾವೂ ಒಂದು ಸುತ್ತು ತಿರುಗಿ, ಒಮ್ಮೊಮ್ಮೆ ನೆಲಕ್ಕೆ ಕುಸಿದು, ಕೈ ಚಾಚುತ್ತಾರೆ. ಎಲ್ಲರೂ ಹಿಡಿದರೆ ಅಂಗೈಗೆ ಮರ ಬಡಿದ ಶಬ್ದ ಒಂದೇ ಏಟಿನಂತೆ ಕೇಳುತ್ತದೆ, ಮರುಕ್ಷಣವೇ ಸಭೆಯ ಕೂಗು. ಒಬ್ಬರು ತಪ್ಪಿದರೆ ಕೇಳುವ ಶಬ್ದವೇ ಬೇರೆ. ಅದಕ್ಕೆ ಸಭೆಯಿಂದ ಬರುವುದು ಒಂದು ಸಣ್ಣ ನಿಟ್ಟುಸಿರು. ನಾಟಕದಲ್ಲಿ ಮಾತು ಮರೆತ ನಟ ಏನಾದರೂ ಹೇಳಿ ಮುಚ್ಚಿಹಾಕಬಹುದು; ಇಲ್ಲಿ ಮುಚ್ಚಿಹಾಕುವಂತಿಲ್ಲ. ಬಿದ್ದದ್ದು ಎಲ್ಲರಿಗೂ ಕಾಣುತ್ತದೆ, ಕೇಳುತ್ತದೆ, ಬಿದ್ದಲ್ಲೇ ಉಳಿಯುತ್ತದೆ.

ಇದಕ್ಕೆ ಅಂಕ ಕೊಡುವುದು ಹೇಗೆ? ಈಚಿನ ಪದ್ಧತಿಯಲ್ಲಿ ಒಟ್ಟು 100 ಅಂಕ. ಸಲಕರಣೆಯ ಬಳಕೆಗೆ 20, ದೇಹದ ಚಲನೆಗೆ 20, ವಿನ್ಯಾಸಕ್ಕೆ 20. ಉಳಿದ 40 ‘ಒಟ್ಟಾರೆ ಪರಿಣಾಮ’ಕ್ಕೆ ಮೀಸಲು, ಇಬ್ಬರು ತೀರ್ಪುಗಾರರು ತಲಾ 20ರಂತೆ ಕೊಡುತ್ತಾರೆ. ಅವರು ಪ್ರದರ್ಶನ ನಡೆಯುತ್ತಿರುವಾಗಲೇ ತಮಗನ್ನಿಸಿದ್ದನ್ನು ಮಾತಾಡಿ ಮುದ್ರಿಸುತ್ತಾರೆ. ತಂಡದ ತರಬೇತುದಾರರು ಆಮೇಲೆ ಅದನ್ನು ಕೇಳಿಸಿಕೊಂಡು ಮುಂದಿನ ವಾರಕ್ಕೆ ತಿದ್ದಿಕೊಳ್ಳುತ್ತಾರೆ. ನೋಡುವವರ ಮೇಲಾದ ಪರಿಣಾಮವನ್ನು ಒಬ್ಬ ತೀರ್ಪುಗಾರ ತನ್ನೊಳಗೇ ಅಳೆದು ಸಂಖ್ಯೆ ಮಾಡುವ ಈ ಕ್ರಮ ಕೇಳಿದಾಗ ನಗು ಬರಬಹುದು. ಆದರೆ ನಮ್ಮ ಪರಂಪರೆ ಇದಕ್ಕೆ ನಗುವ ಸ್ಥಿತಿಯಲ್ಲಿಲ್ಲ.

ನಾಟ್ಯಶಾಸ್ತ್ರದಲ್ಲಿ ಸಿದ್ಧಿಯನ್ನು, ಅಂದರೆ ಪ್ರಯೋಗದ ಯಶಸ್ಸನ್ನು ಕುರಿತ ಒಂದು ಅಧ್ಯಾಯವೇ ಇದೆ. ರಸದ ಬಗ್ಗೆ ನಾವು ಬರೆದಷ್ಟು ಅದರ ಬಗ್ಗೆ ಬರೆದಿಲ್ಲ. ಅಲ್ಲಿ ಭರತ ಸ್ಪರ್ಧೆಯನ್ನು ನೇರವಾಗಿ ಒಪ್ಪಿಕೊಳ್ಳುತ್ತಾನೆ. ತಂಡಗಳು ಪಂಥ ಕಟ್ಟಿ ಆಡುತ್ತವೆ. ಗುಣದೋಷ ಪರೀಕ್ಷಿಸಲು ಪ್ರಾಶ್ನಿಕರಿರುತ್ತಾರೆ, ದಾಖಲಿಸಲು ಬರೆಯುವವರೂ ಎಣಿಸುವವರೂ ಇರುತ್ತಾರೆ. ಸಿದ್ಧಿ ಒಂದು ಲೆಕ್ಕ. ಮಾತು ಮರೆಯುವುದು, ಇನ್ನೊಬ್ಬರ ಮಾತನ್ನು ಆಡಿಬಿಡುವುದು, ತಲೆಯ ಕಿರೀಟ ಜಾರುವುದು ಮುಂತಾದ ‘ಘಾತ’ಗಳು ಇನ್ನೊಂದು ಲೆಕ್ಕ. ಸಿದ್ಧಿ ಹೆಚ್ಚಾಗಿ ಘಾತ ಕಡಿಮೆಯಾದವರಿಗೆ ಸಿಗುವ ಬಹುಮಾನ ಪತಾಕೆ. ಬಾವುಟ ಬೀಸಿ ಆಡುವ ಕಲೆಯ ಬಗ್ಗೆ ಯೋಚಿಸುತ್ತ ಈ ಅಧ್ಯಾಯಕ್ಕೆ ಬಂದವನಿಗೆ ಕೊನೆಗೆ ಸಿಕ್ಕಿದ್ದೂ ಬಾವುಟವೇ. ಎರಡಕ್ಕೂ ಚಾರಿತ್ರಿಕ ನಂಟೇನೂ ಇಲ್ಲ. ಆದರೆ ಕಲೆ ಬೇರೆ, ಪಂದ್ಯ ಬೇರೆ ಎನ್ನುವ ನಮ್ಮ ಇಂದಿನ ನಂಬಿಕೆಗೆ ಭರತನಿಂದ ಬೆಂಬಲ ಸಿಗುವುದಿಲ್ಲ ಎಂಬುದಂತೂ ಸ್ಪಷ್ಟ.

ನನಗೆ ಇನ್ನೂ ಮುಖ್ಯವಾಗಿ ಕಂಡದ್ದು ಸಿದ್ಧಿಯಲ್ಲಿ ಅವನು ಮಾಡುವ ವಿಭಾಗ. ಮಾನುಷೀ ಸಿದ್ಧಿಗೆ ಗುರುತುಗಳಿವೆ: ಮುಗುಳ್ನಗೆ, ಅಟ್ಟಹಾಸ, ಭಲೇ ಎಂಬ ಉದ್ಗಾರ, ರೋಮಾಂಚ, ಕೂತಲ್ಲಿಂದ ಎದ್ದು ನಿಲ್ಲುವುದು, ಬಟ್ಟೆಯನ್ನೋ ಉಂಗುರವನ್ನೋ ಎಸೆದುಬಿಡುವುದು. ಇವೆಲ್ಲ ಕಾಣುವಂಥವು, ಎಣಿಸಬಹುದಾದವು. ದೈವಿಕೀ ಸಿದ್ಧಿಯ ಗುರುತು ಬೇರೆ. ಸದ್ದಿಲ್ಲ, ಗೊಂದಲವಿಲ್ಲ, ಉತ್ಪಾತವಿಲ್ಲ; ರಂಗಮಂದಿರ ಮಾತ್ರ ತುಂಬಿದೆ. ತುಂಬಿದ ಸಭೆಯ ಮೌನಕ್ಕೆ ಅಂಕ ಕೊಡುವುದು ಹೇಗೆ?

ಬರ್ನ್ ಅವರ ಪ್ರಯೋಗ ಅಂಕವನ್ನೇ ಕಿತ್ತುಹಾಕಿತು. ಬ್ರೂಕ್ಲಿನ್‌ನಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ರಾಸ್ ಸೋದರರ ಚಿತ್ರವೂ ಈ ಬಿಡುಗಡೆಯನ್ನು ಹಬ್ಬದಂತೆ ಆಚರಿಸುತ್ತದೆ. ಕ್ಯಾಮೆರಾ ಅಂಕಣಕ್ಕಿಳಿದು ಆಡುವವರ ನಡುವೆಯೇ ಓಡಾಡುತ್ತದೆ, ತೆರೆಯ ಹಿಂದಕ್ಕೆ ಹೋಗುತ್ತದೆ, ಸರದಿ ಕಾಯುತ್ತಿರುವ ಹುಡುಗಿಯರ ಪಕ್ಕದಲ್ಲಿ ನಿಲ್ಲುತ್ತದೆ. ದೃಶ್ಯಗಳು ಒಂದರ ಮೇಲೊಂದು ಹಾಯುತ್ತವೆ: ಬಾವುಟದೊಳಗೆ ಮುಖ, ಮುಖದೊಳಗೆ ಹಾಡುಗಾರ್ತಿ. ಇದು ಯಾರು, ಇದನ್ನು ಯಾಕೆ ಮಾಡುತ್ತಾರೆ ಎಂದು ವಿವರಿಸುವ ಗೋಜಿಗೆ ಚಿತ್ರ ಹೆಚ್ಚು ಹೋಗುವುದಿಲ್ಲ. ಮಾಹಿತಿ ಕೊಟ್ಟು ಕೈತೊಳೆದುಕೊಳ್ಳುವ ಸಾಕ್ಷ್ಯಚಿತ್ರಗಳ ನಡುವೆ ಈ ಸಂಯಮ ದೊಡ್ಡದು.

ಚಿತ್ರದ ಅತ್ಯುತ್ತಮ ಭಾಗ ನನ್ನ ಮಟ್ಟಿಗೆ ‘ಆಲ್ಟರ್ ಈಗೊ’ ತಂಡದ್ದು. ಸಂಯೋಜಕ ನಿಕೊ ಮ್ಯೂಲಿ ಮತ್ತು ರೇಡಿಯೊ ನಿರೂಪಕ ಐರಾ ಗ್ಲಾಸ್ ಸೇರಿ ಮಾಡಿದ ಆ ತುಣುಕಿನ ಹೆಸರೇ ಒಂದು ಪ್ರಶ್ನೆ: ‘ವಾಟ್ ಆರ್ ಯೂ ಥಿಂಕಿಂಗ್’. ಆಡುವಾಗ ನಿಮ್ಮ ತಲೆಯಲ್ಲಿ ಏನಿರುತ್ತದೆ ಎಂದು ಗ್ಲಾಸ್ ತಂಡದ ಮಕ್ಕಳನ್ನು ಕೇಳಿ, ಅವರ ಉತ್ತರಗಳನ್ನು ಮ್ಯೂಲಿಯ ಸಂಗೀತದೊಳಗೇ ಹೆಣೆದಿದ್ದಾರೆ. ಅಂಕಣದಲ್ಲಿ ಮೈ ಕುಣಿಯುತ್ತಿದೆ, ಧ್ವನಿವರ್ಧಕದಲ್ಲಿ ಅದೇ ಮೈಯೊಳಗಿನ ಮಾತು ಹರಿಯುತ್ತಿದೆ. ನೋಡುವವರಿಗೆ ಹೂವಿನಷ್ಟು ಹಗುರಾಗಿ ಕಾಣುವ ಚಲನೆಯ ಒಳಗೆ ಎಷ್ಟು ಎಚ್ಚರ, ಎಷ್ಟು ಆತಂಕ ತುಂಬಿದೆ ಎಂದು ಆಗ ಗೊತ್ತಾಗುತ್ತದೆ. ನಟನಿಗೆ ರಸಾನುಭವ ಇದೆಯೇ ಇಲ್ಲವೇ ಎಂಬ ಹಳೆಯ ಜಿಜ್ಞಾಸೆಗೆ ಇದಕ್ಕಿಂತ ಸರಳವಾದ ಪ್ರಾತ್ಯಕ್ಷಿಕೆ ನಾನು ಕಂಡಿಲ್ಲ. ನಾವು ಮೈಮರೆಯಬೇಕಾದರೆ ಅಲ್ಲಿ ಯಾರೋ ಮೈಮರೆಯದೆ ಇರಬೇಕು.

ಹೀಗಿದ್ದೂ ಚಿತ್ರದ ಬಗ್ಗೆ ನನಗೆ ಎರಡು ತಕರಾರುಗಳಿವೆ.

ಒಂದು, ಅದು ಎಸೆತವನ್ನು ಕಳೆದುಕೊಳ್ಳುತ್ತದೆ. ಈ ಕಲೆ ಕಟ್ಟಿಕೊಂಡದ್ದೇ ಎತ್ತರದ ಸಾಲಿನಲ್ಲಿ ಕೂತ ಕಣ್ಣಿಗಾಗಿ. ಇಡೀ ಅಂಕಣ ಒಮ್ಮೆಗೇ ಕಂಡಾಗ ಮಾತ್ರ, ಎಡಮೂಲೆಯಲ್ಲಿ ಒಬ್ಬಳು ಒಂಟಿಯಾಗಿ ಕುಳಿತಿರುವುದಕ್ಕೂ ಬಲಮೂಲೆಯಲ್ಲಿ ಹತ್ತು ರೈಫಲ್‌ಗಳು ಮೇಲೇರುವುದಕ್ಕೂ ಸಂಬಂಧ ಹೊಳೆಯುತ್ತದೆ. ಹತ್ತಿರ ಹೋದ ಕ್ಯಾಮೆರಾಕ್ಕೆ ಮುಖಗಳು ದಕ್ಕಿವೆ, ರಂಗೋಲಿ ಅಳಿಸಿಹೋಗಿದೆ. ಎಸೆತದಿಂದ ಹಿಡಿತದವರೆಗಿನ ಆ ಎರಡು ಕ್ಷಣ ತುಂಡಾಗದೆ ಉಳಿದರೆ ಮಾತ್ರ ನಮ್ಮ ಉಸಿರು ನಿಲ್ಲುತ್ತದೆ. ದೃಶ್ಯದ ಮೇಲೆ ದೃಶ್ಯ ಹಾಯ್ದಾಗ ಮೇಲೇರಿದ ಕತ್ತಿ ಬರೀ ಬೆಳಕಿನ ಗೆರೆಯಾಗುತ್ತದೆ. ಚೆಂದವಾಗಿರುತ್ತದೆ, ನಿಜ. ಆದರೆ ಬೆಳಕಿನ ಗೆರೆ ನೆಲಕ್ಕೆ ಬೀಳುವುದಿಲ್ಲ. ಬೀಳಬಹುದಾದದ್ದು ಬೀಳಲಿಲ್ಲ ಎಂಬ ಸಮಾಧಾನದಿಂದ ಹುಟ್ಟುವ ಅದ್ಭುತ ಇಲ್ಲಿ ತೆಳುವಾಗುತ್ತದೆ. ಸಂಕಲನಕ್ಕೆ ಪ್ರಶಸ್ತಿ ಬಂದ ಚಿತ್ರದ ಬಗ್ಗೆ ಸಂಕಲನದ ದೂರನ್ನೇ ಹೇಳುತ್ತಿದ್ದೇನೆ ಎಂಬುದು ನನಗೆ ಗೊತ್ತು.

ಎರಡನೆಯದು ಇನ್ನೂ ಆಳದ್ದು. ಅಂಕವಿಲ್ಲದ ಅಖಾಡವೇ ನಿಜವಾದ ಕಲೆಯ ಜಾಗ ಎಂಬ ಭಾವನೆ ಇಡೀ ಪ್ರಯೋಗದ ಹಿಂದೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಆದರೆ ಬ್ರೂಕ್ಲಿನ್‌ಗೆ ಬಂದ ಆ ಮೈಗಳು ತಯಾರಾದದ್ದು ಎಲ್ಲಿ? ಅಂಕದ ಒಂದೊಂದು ದಶಮಾಂಶಕ್ಕಾಗಿ ಚಳಿಗಾಲವಿಡೀ ಬೆವರಿದ ಶಾಲೆಯ ಜಿಮ್ನೇಶಿಯಂಗಳಲ್ಲಿ. ಮೊಣಕೈ ಇಷ್ಟು ಬಾಗಿರಬೇಕು, ಬಾವುಟದ ಕೋಲು ಇದೇ ಕೋನದಲ್ಲಿ ನಿಲ್ಲಬೇಕು ಎಂದು ತಿದ್ದಿದವರು ಅದೇ ತೀರ್ಪುಗಾರರು. ಆ ಅಂಕಪಟ್ಟಿ ಇಲ್ಲದಿದ್ದರೆ ಈ ಹಬ್ಬಕ್ಕೆ ತರುವುದಕ್ಕೆ ಏನೂ ಇರುತ್ತಿರಲಿಲ್ಲ.

ಪ್ರೇಕ್ಷಕರ ವಿಷಯಕ್ಕೂ ಈ ಮಾತು ಸಲ್ಲುತ್ತದೆ. ಬ್ರೂಕ್ಲಿನ್‌ಗೆ ಬಂದ ಬಹಳ ಮಂದಿಯನ್ನು ಕರೆತಂದದ್ದು ಹಾಡುಗಾರರ ಹೆಸರು. ಡೇಟನ್‌ನಲ್ಲಿ ಕೂರುವವರು ಅಪ್ಪ ಅಮ್ಮಂದಿರು, ಹಿಂದೊಮ್ಮೆ ಆಡಿದವರು, ಆಡಲು ಕಾಯುತ್ತಿರುವ ಇತರ ತಂಡದವರು. ಐದು ಸುತ್ತಿಗೂ ಆರು ಸುತ್ತಿಗೂ ಇರುವ ಅಂತರ ಅವರ ಮಣಿಕಟ್ಟಿಗೇ ಗೊತ್ತು. ಕಾವ್ಯದ ನಿರಂತರ ಅಭ್ಯಾಸದಿಂದ ಮನಸ್ಸಿನ ಕನ್ನಡಿ ನಿರ್ಮಲವಾದವನೇ ಸಹೃದಯ ಎಂದು ಅಭಿನವಗುಪ್ತ ಹೇಳುವುದಾದರೆ, ಡೇಟನ್‌ನ ಆ ಗದ್ದಲದ ಸಭೆಯೇ ಸಹೃದಯರ ಸಭೆ. ಎದುರಾಳಿ ತಂಡದ ಹುಡುಗಿ ಕಠಿಣ ಎಸೆತವೊಂದನ್ನು ಹಿಡಿದಾಗ ಕೂಗುವವರಲ್ಲಿ, ಅದರಿಂದಾಗಿ ತಾವೇ ಸೋಲಬಹುದಾದವರೂ ಇರುತ್ತಾರೆ. ತನ್ನ ಸೋಲನ್ನು ಮರೆತು ಇನ್ನೊಬ್ಬರ ಹಿಡಿತಕ್ಕೆ ಎದ್ದು ನಿಲ್ಲುವ ಆ ಗಳಿಗೆ ಸ್ಪರ್ಧೆಯೊಳಗೆ ಮಾತ್ರ ಸಾಧ್ಯ. ಸ್ಪರ್ಧೆಯನ್ನೇ ತೆಗೆದರೆ ಅದನ್ನು ಮೀರುವ ಅವಕಾಶವೂ ಹೋಗುತ್ತದೆ.

ಹಾಗಾದರೆ ಬರ್ನ್ ಪ್ರಯೋಗ ವ್ಯರ್ಥವೇ? ಖಂಡಿತ ಅಲ್ಲ. ಶಾಲಾ ತಂಡದ ಹಿರಿಯರಿಗೆ ಓದು ಮುಗಿಯುವ ಜೂನ್ ತಿಂಗಳಲ್ಲಿ ಈ ಕಲೆಯೂ ಮುಗಿಯುವುದುಂಟು. ಪಿಯಾನೊ ಕಲಿತವರು ಅರವತ್ತರಲ್ಲೂ ನುಡಿಸಬಹುದು. ಆರು ಸುತ್ತಿನ ರೈಫಲ್ ಎಸೆತವನ್ನು ಮನೆಯ ಪಡಸಾಲೆಯಲ್ಲಿ ಮುಂದುವರಿಸುವಂತಿಲ್ಲ. ಜೊತೆಗೆ ಹಿಡಿಯುವ ಇನ್ನೊಂಬತ್ತು ಕೈ ಬೇಕು. ಅಂಥವರಿಗೆ ಚಿತ್ರ ಒಂದು ಬೀಳ್ಕೊಡುಗೆ ಕೊಡುತ್ತದೆ. ಆಟ ಮುಗಿಸಿ ಒಳಕ್ಕೆ ಬಂದವರ ಮುಖಗಳ ಮೇಲೆ ಕ್ಯಾಮೆರಾ ನಿಲ್ಲುವಾಗ ಅಲ್ಲಿ ಅಂಕದ ನಿರೀಕ್ಷೆ ಇಲ್ಲ, ಮುಂದಿನ ವಾರದ ತಿದ್ದುಪಡಿಯೂ ಇಲ್ಲ. ಏದುಸಿರಿದೆ, ಅಳುವಿದೆ, ಒಬ್ಬರನ್ನೊಬ್ಬರು ತಬ್ಬಿದ ತೋಳುಗಳಿವೆ. ಭರತ ಪ್ರೇಕ್ಷಕರಲ್ಲಿ ಹುಡುಕಿದ ರೋಮಾಂಚ ಇಲ್ಲಿ ಆಡಿದವರ ಮೈಮೇಲೆಯೇ ಕಾಣುತ್ತದೆ. ಸ್ಪರ್ಧೆಯ ಧ್ವನಿಮುದ್ರಿಕೆಯಲ್ಲಿ ಮಾತಾಡುವ ಯಾವ ತೀರ್ಪುಗಾರರಿಗೂ ಇದು ಕಾಣುವ ಜಾಗದಲ್ಲಿ ಆಸನವಿಲ್ಲ.

ಈ ಚಿತ್ರವನ್ನು ನೋಡುವ ಗೆಳೆಯರಿಗೆ ನನ್ನದೊಂದು ಸಲಹೆ. ಅದಕ್ಕೂ ಮೊದಲು ಯಾವುದಾದರೂ ತಂಡದ ಸ್ಪರ್ಧೆಯ ವಿಡಿಯೋವನ್ನು, ಮೇಲಿನ ಸಾಲಿನಿಂದ ಕ್ಯಾಮೆರಾ ಕದಲಿಸದೆ ತೆಗೆದಿರುವಂಥದ್ದನ್ನು, ಆರಂಭದಿಂದ ಕೊನೆಯವರೆಗೆ ಒಮ್ಮೆ ನೋಡಿ. ಮುಖಗಳು ಕಾಣುವುದಿಲ್ಲ, ದಪ್ಪ ಸಂಗೀತದ ನಡುವೆ ಜನರ ಕೂಗು ಒರಟಾಗಿ ಕೇಳುತ್ತದೆ. ಆದರೆ ಹತ್ತು ರೈಫಲ್‌ಗಳು ಮೇಲೇರಿದಾಗ ನಿಮ್ಮ ಕೋಣೆಯಲ್ಲಿ ಕೂತೇ ನೀವೂ ಎಣಿಸಲು ಶುರುಮಾಡುತ್ತೀರಿ. ಆಮೇಲೆ ‘ಕಾಂಟೆಂಪರರಿ ಕಲರ್’ ನೋಡಿ. ಅಷ್ಟು ಹೊತ್ತು ದೂರದಲ್ಲಿದ್ದವರ ಮುಖಗಳು ಆಗ ಹತ್ತಿರ ಬರುತ್ತವೆ.