ಐದನೆಯ ಕಂಬ ಯಾವುದು?

ನಾಟಕದ ಪಾಠ ಬಂದಾಗ ಮಾಸ್ತರು ಬೋರ್ಡಿನ ಮೇಲೆ ಒಂದು ಪಟ್ಟಿ ಬರೀತಾರ. ನಾಂದಿ ಅಂದ್ರ ಮೊದಲ ಸ್ತುತಿ. ಸೂತ್ರಧಾರ ಅಂದ್ರ ನಾಟಕ ನಡೆಸುವವ. ನೇಪಥ್ಯ ಅಂದ್ರ ಪರದೆಯ ಹಿಂದಿನ ಜಾಗ. ಅಂಕ, ದೃಶ್ಯ, ಸ್ವಗತ, ವಿದೂಷಕ. ಬಸವಕಲ್ಯಾಣ, ಹುಮನಾಬಾದ ಕಡೆ ನಾವು ಓದಿದ್ದೂ ಹಿಂಗೇ. ಪರೀಕ್ಷೆ ಮುಗಿದ ಮರುದಿನ ಮರೆತದ್ದೂ ಹಿಂಗೇ. ಈ ಪದಗಳನ್ನು ಕಲಿಸಬೇಡಿ ಅಂತ ನಾವು ಹೇಳೋದಿಲ್ಲ. ಕಲಿಸಿರಿ. ಆದರೆ ಪದದ ಬೆನ್ನಿಗೆ ಅಂಟಿಕೊಂಡದ್ದನ್ನೂ ಕಲಿಸಿರಿ.

ರಂಗಮಂಟಪ ಎಂಬ ಪದವನ್ನೇ ತಗೊಳ್ರಿ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ನಾಟಕದ ಮನೆ ಕಟ್ಟುವ ಕ್ರಮ ಇದೆ. ಬ್ರಾಹ್ಮಣ, ಕ್ಷತ್ರಿಯ, ವೈಶ್ಯ, ಶೂದ್ರ ಅಂತ ನಾಲ್ಕು ಕಂಬ. ಬ್ರಾಹ್ಮಣ ಕಂಬದ ಬುಡಕ್ಕೆ ಬಂಗಾರ. ಉಳಿದವಕ್ಕೆ ತಾಮ್ರ, ಬೆಳ್ಳಿ, ಕಬ್ಬಿಣ, ಸಮಾಧಾನಕ್ಕೆ ಮೇಲೊಂದಿಷ್ಟು ಬಂಗಾರ. ಪಂಚಮನಿಗೆ ಕಂಬವೇ ಇಲ್ಲ. ಮರ ಕಡಿದವರು, ತಗ್ಗು ತೋಡಿದವರು ಯಾರು ಅಂತ ಶಾಸ್ತ್ರ ಹೇಳೋದಿಲ್ಲ. ಪಾಷಂಡಿಗಳು, ಕಾಷಾಯ ತೊಟ್ಟವರು, ಅಂಗವಿಕಲರು ಅಲ್ಲಿ ಸುಳಿಯಬಾರದು ಅಂತ ಮಾತ್ರ ಮರೆಯದೆ ಹೇಳ್ತದ.

ಮೊದಲ ಅಧ್ಯಾಯದ ಕಥೆ ಇನ್ನೂ ಛಲೋ ಅದ. ಜಗತ್ತಿನ ಮೊದಲ ನಾಟಕದಾಗ ದೇವತೆಗಳು ದೈತ್ಯರನ್ನು ಸೋಲಿಸಿದ್ದನ್ನೇ ಆಡಿ ತೋರಿಸಿದರಂತೆ. ನೋಡಲು ಬಂದ ದೈತ್ಯರಿಗೆ ಸಿಟ್ಟು ಬಂತು, ಆಟ ನಿಲ್ಲಿಸಿದರು. ಸೋತವನ ಎದುರಿಗೇ ಅವನ ಸೋಲನ್ನು ಕುಣಿದು ತೋರಿಸಿದರೆ ಅವನು ಚಪ್ಪಾಳೆ ಹೊಡೀಬೇಕೇನು? ಇಂದ್ರ ಧ್ವಜದ ಕೋಲಿನಿಂದ ಅವರನ್ನು ಜಜ್ಜಿದ. ಆ ಕೋಲಿಗೆ ಜರ್ಜರ ಅಂತ ಹೆಸರು, ಆಟಕ್ಕೆ ಮುಂಚೆ ಅದಕ್ಕೆ ಪೂಜೆ. 'ಪ್ರೇಕ್ಷಕ' ಎಂಬ ಪದಕ್ಕೆ ಅರ್ಥ ಬರೆಸುವಾಗ, ತಕರಾರು ಎತ್ತಿ ಹೊಡೆತ ತಿಂದ ಈ ಪ್ರೇಕ್ಷಕನನ್ನು ಬಿಡಬಾರದು. ಇದೇ ಗ್ರಂಥ ಕಡೆಗೆ ಬರುವಾಗ, ಋಷಿಗಳನ್ನು ಅಣಕಿಸಿದ ನಟರಿಗೆ ಶಾಪ ಹಾಕಿಸುತ್ತದೆ: ಶೂದ್ರರಾಗಿರಿ! ವೇದ ಕೇಳಬಾರದ ಶೂದ್ರರಿಗೂ ಸಲ್ಲಲಿ ಅಂತ ನಾಟ್ಯವನ್ನು ಐದನೆಯ ವೇದವಾಗಿ ಹುಟ್ಟಿಸಿದ ಪುಸ್ತಕವೂ ಇದೇ.

ಕಲ್ಯಾಣದ ನೆಲದ ಪದಕೋಶ ಬ್ಯಾರೆ. 12ನೆಯ ಶತಮಾನದ ಶರಣರೊಳಗೆ ಬಹುರೂಪಿ ಚೌಡಯ್ಯ ವೇಷ ಹಾಕುವವ, ಕಲಕೇತಯ್ಯ ಆಟ ಆಡುವವ, ನಗೆಯ ಮಾರಿತಂದೆ ಮಂದಿಯನ್ನು ನಗಿಸುವವ. ಮೂವರೂ ವಚನಕಾರರು. ಅಲ್ಲಿ ಶಾಪವಾಗಿದ್ದ ಕಸುಬು ಇಲ್ಲಿ ಕಾಯಕ ಆಯಿತು. ಸಂಸ್ಕೃತ ನಾಟಕದ ವಿದೂಷಕ ಹೆಚ್ಚಾಗಿ ಬ್ರಾಹ್ಮಣ, ರಾಜನ ಗೆಳೆಯ. ಮಾರಿತಂದೆಯನ್ನು ಅದೇ ಪದದೊಳಗೆ ತುರುಕಿದರೆ ಅನ್ಯಾಯವಾಗ್ತದ. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪದ ಯೋಜನೆಯಲ್ಲಿ 770 ಶರಣರ ನೆನಪಿಗೆ 770 ಕಂಬ. ನಾಲ್ಕರಿಂದ 770ಕ್ಕೆ ಬಂದದ್ದು ಸಣ್ಣ ಮಾತಲ್ಲ. ಆದರೆ ಕಲ್ಲಿನ ಕಂಬ ಪಾಠ ಹೇಳೋದಿಲ್ಲ, ಮಾಸ್ತರೇ ಹೇಳಬೇಕು.

ನಾವು ಗಡಿಯ ಮಂದಿ. ಮರಾಠಿ ತಮಾಶಾ ನಮಗೆ ಹೊರಗಿನದಲ್ಲ. ಅದರಾಗ ಮೊದಲು ಗಣ, ಆಮೇಲೆ ಗವಳಣ, ಕಡೀಕ ವಗ. ಗಣ ಅಂದ್ರ ಗಣಪತಿಯ ಸ್ತುತಿ; ಪಟ್ಟಿಯ ನಾಂದಿ ಇದೇ. ಮಾಂಗರ ಮನೆಯಲ್ಲಿ ಹುಟ್ಟಿದ ಅಣ್ಣಾಭಾವು ಸಾಠೆ (1920-1969) ಗಣಪತಿಯನ್ನು ಇಳಿಸಿ ಆ ಜಾಗದಾಗ ನೆಲವನ್ನೂ ದುಡಿಯುವವರನ್ನೂ ಕೂಡ್ರಿಸಿದ. ಇನ್ನು ಪರದೆ ಫಾರಸಿಯಿಂದ ಬಂದದ್ದು, ತಾಲೀಮು ಅರಬ್ಬಿಯಿಂದ. ತಾಲೀಮು ಅಂದ್ರ ಮೂಲದಲ್ಲಿ ಕಲಿಸುವುದು ಅಂತಲೇ. 1948ರ ತನಕ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯ ಬಾಯಿಗೆ ಒಗ್ಗಿದ ಈ ಪದವನ್ನು ಹೊಡೆದು ಹಾಕಿ 'ಪೂರ್ವಾಭ್ಯಾಸ' ಅಂತ ಬರೆಸುವ ಮಡಿ ಯಾರಿಗಾಗಿ?

ನೇಪಥ್ಯ ನಮಗೆ ಬಾಳ ಪರಿಚಯದ ಪದ. ನಾವು ಕಲಿತ ಒಂದು ಶಾಲೆಯ ಗ್ಯಾದರಿಂಗಿನಾಗ ಶರಣರ ನಾಟಕ ಇತ್ತು. ನಮ್ಮ ಕೇರಿಯ ಹುಡುಗರು ಬೆಂಚು ಹೊತ್ತರು, ಕಟ್ಟಿಗಿ ಕಟ್ಟಿದರು. ಒಬ್ಬನಿಗೆ ಹರಳಯ್ಯನ ಪಾತ್ರ ಸಿಕ್ಕಿತು. ಮಾತು ಮೂರೇ ಮೂರು. ಬಣ್ಣ ಹಚ್ಚುವವರು, "ನಿನಗ್ಯಾಕೋ ಬಣ್ಣ, ಹಿಂಗೇ ಒಪ್ತೀ" ಅಂದರು.

ಕಲ್ಯಾಣದ ಮೇಲೆ ದೊಡ್ಡವರು ಬರೆದ ನಾಟಕಗಳು ಅವ: ಲಂಕೇಶರ 'ಸಂಕ್ರಾಂತಿ' (1971), ಶಿವಪ್ರಕಾಶರ 'ಮಹಾಚೈತ್ರ' (1986), ಕಾರ್ನಾಡರ 'ತಲೆದಂಡ' (1990). ಇವುಗಳೊಳಗೆ ನಮಗೆ ಮುಳ್ಳಿನಂತೆ ಚುಚ್ಚೋದು 'ಸಂಕ್ರಾಂತಿ'. ಹೊಲೆಯರ ಹುಡುಗ ರುದ್ರ ಶರಣನಾದ ಮೇಲೆ ಅವನ ಮಾತೇ ಬದಲಾಗ್ತದ. ಅವನನ್ನು ಪ್ರೀತಿಸಿದ ಬ್ರಾಹ್ಮಣರ ಉಷಾಗೆ ಹಳೆಯ ರುದ್ರನೇ ಬೇಕು. ಆಳುಗಳಿಗೆ, ಹೆಂಗಸರಿಗೆ ಪ್ರಾಕೃತ, ಒಡೆಯರಿಗೆ ಸಂಸ್ಕೃತ ಅಂತ ಹಳೆಯ ನಾಟಕಕಾರರು ಹಂಚಿಕೊಟ್ಟಿದ್ದರು. ಆ ಗೋಡೆ ದಾಟುವವನ ನೋವನ್ನು ಲಂಕೇಶರು ಹಿಡಿದಿದ್ದಾರೆ, ಒಪ್ತೀವಿ. ಮನೆಯಲ್ಲಿ ಒಂದು ಮಾತು, ಕಾಲೇಜಿನಲ್ಲಿ ಒಂದು ಮಾತು ಆಡಿ ಡಿಗ್ರಿ ಮುಗಿಸಿದ ಮೊದಲ ತಲೆಮಾರಿನವರು ನಾವು, ಆ ನೋವು ನಮಗೆ ಗೊತ್ತು. ಆದರೆ ಪುಸ್ತಕದ ಮಾತು ಕಲಿತ ರುದ್ರ ಕಸುವು ಕಳಕೊಂಡ ಅಂತ ತೀರ್ಪು ಕೊಡುವ ಹಕ್ಕು ಉಷಾಗೆ ಹ್ಯಾಂಗ ಬಂತು? ನಮ್ಮ ಒರಟುತನ ಮಂದಿಗೆ ಚೆಂದ ಕಾಣಲಿ ಅಂತ ನಾವು ಒರಟಾಗೇ ಇರಬೇಕೇನು? ರುದ್ರನ ಕಡೆಯಿಂದ ಈ ನಾಟಕವನ್ನು ಯಾರಾದರೂ ಮತ್ತೆ ಬರೀಬೇಕು.

ಪರದೆ, ವಿಂಗು, ನೇಪಥ್ಯ ಮೂರನ್ನೂ ಒಮ್ಮೆಗೇ ಕಿತ್ತದ್ದು ಬೀದಿನಾಟಕ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು, ಅವರಲ್ಲಿ 8 ಮಂದಿ ದಲಿತರು. ಸಮುದಾಯದವರು ಸಿ.ಜಿ.ಕೆ. ನಿರ್ದೇಶನದಲ್ಲಿ 'ಬೆಲ್ಚಿ'ಯನ್ನು ಊರೂರಿಗೆ ಒಯ್ದರು. ಅಲ್ಲಿ ಅಡಗಿ ನಿಲ್ಲಲು ಜಾಗವೇ ಇರಲಿಲ್ಲ, ನಟನಿಗೂ ನೋಡುವವನಿಗೂ.

ಆದ್ದರಿಂದ ಮಾಸ್ತರೇ, ಪಟ್ಟಿ ಬರೆಸಿದ ಮೇಲೆ ಹುಡುಗರನ್ನು ಹೊರಗೆ ಕರಕೊಂಡು ಬರ್ರಿ. ಕಲ್ಯಾಣದ ಯಾವ ನಾಟಕವಾದರೂ ಸರಿ, ಹರಳಯ್ಯ ಎಷ್ಟು ಹೊತ್ತು ರಂಗದ ಮೇಲಿರ್ತಾನ, ಎಷ್ಟು ಮಾತಾಡ್ತಾನ ಅಂತ ಎಣಿಸ್ರಿ. ಆಮೇಲೆ ಹರಳಯ್ಯನ ವೇಷವನ್ನು ಗೌಡರ ಹುಡುಗನಿಗೆ, ಬಸವಣ್ಣನ ವೇಷವನ್ನು ಸಮಗಾರರ ಹುಡುಗಿಗೆ ಕೊಟ್ಟು ಆಡಿಸ್ರಿ. ತಾಲೀಮು ಸಂಜೀ ಹೊತ್ತಿಗೆ ಇಡ್ರಿ, ಕೂಲಿಯಿಂದ ಬಂದವರೂ ನಿಂತು ನೋಡ್ತಾರ.