ಶಾಸ್ತ್ರಗದ್ಯವೂ ಪ್ರಯೋಗಶಾಲೆಯೂ

ಹೊಸಗನ್ನಡದ ಶಾಸ್ತ್ರಗ್ರಂಥಗಳ ವಿಮರ್ಶೆಯು ಬಹುಮಟ್ಟಿಗೆ ಪರಿಭಾಷೆಯ ವಿಮರ್ಶೆಯಾಗಿಯೇ ನಿಂತಿದೆ. ಪದವು ಸಂಸ್ಕೃತದ್ದೋ ದೇಶ್ಯವೋ ಇಂಗ್ಲಿಷಿನದೋ ಎಂಬ ಚರ್ಚೆಯಲ್ಲಿ, ಅದು ಸೂಚಿಸುವ ವಸ್ತುವನ್ನು ವಾಚಕನು ಕಂಡಿರುವನೆ ಎಂಬ ಪ್ರಶ್ನೆಯು ಮರೆಯಾಗುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರ ಸಾಹಿತ್ಯಸೇವೆಯನ್ನು ಈ ಪ್ರಶ್ನೆಯಿಂದಲೇ ಪರಿಶೀಲಿಸುವುದು ಯುಕ್ತ.

ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷ ನಡೆದು ನಿಂತಿತು. 1931ರಲ್ಲಿ ಸಾಹಿತ್ಯ ಪರಿಷತ್ತು ಪ್ರಕಟಿಸಿದ ಪಂಪಭಾರತದ ಸಂಪಾದನೆಯಲ್ಲಿ ಅವರು ಪ್ರಮುಖರು. 1939ರಲ್ಲಿ ಅವರ 'ಜೀವವಿಜ್ಞಾನ'ವು ಬೆಳಕು ಕಂಡಿತು. ಇವು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಕಾರ್ಯಗಳು. ಆದರೆ ಮೂರಕ್ಕೂ ಬೇಕಾದ ಶಿಸ್ತು ಒಂದೇ. ಓಲೆಯ ಪ್ರತಿಗಳನ್ನು ಹೋಲಿಸುವವನು ಪಾಠಾಂತರವನ್ನು ಕಂಡಂತೆ ಗುರುತುಮಾಡಿ, ಆಧಾರ ದೊರೆಯುವವರೆಗೆ ನಿರ್ಣಯವನ್ನು ತಡೆಹಿಡಿಯುತ್ತಾನೆ. ತಕ್ಕಡಿಯ ಮುಂದೆ ನಿಂತವನು ಮಾಡತಕ್ಕದ್ದೂ ಅದನ್ನೇ.

ಒಂದು ಶಾಸ್ತ್ರವನ್ನೇ ಆಳವಾಗಿ ಕಲಿತರೆ ಸಾಲದೆ ಎಂಬ ಆಕ್ಷೇಪಣೆಯುಂಟು. ಲೋಲಕದ ಆಂದೋಲನವನ್ನು ಅಳೆದ ವಿದ್ಯಾರ್ಥಿಗೆ ಪ್ರಮಾಣದ ನಿಖರತೆ ತಿಳಿಯುತ್ತದೆ. ಆದರೆ ಒಂದೇ ಮರದ ಎರಡು ಎಲೆಗಳು ಸರಿಸಮವಾಗಿರವೆಂಬುದನ್ನು ಸಸ್ಯಶಾಸ್ತ್ರವೇ ಅವನಿಗೆ ಕಲಿಸಬೇಕು. ನಿಯಮವನ್ನೂ ವೈವಿಧ್ಯವನ್ನೂ ಒಟ್ಟಿಗೆ ಅರಿಯದವನ ವಿಜ್ಞಾನವು ಅರೆಯಾದುದು. ಭೌತಶಾಸ್ತ್ರಜ್ಞರೊಬ್ಬರು ಜೀವಿಗಳನ್ನು ಕುರಿತು ಗ್ರಂಥ ರಚಿಸಿದುದರ ಮಹತ್ತ್ವವು ಇಲ್ಲಿದೆ.

ಆದರೂ ಗ್ರಂಥಕ್ಕೆ ಒಂದು ಎಲ್ಲೆಯಿದೆ. 'ಸಾಂದ್ರತೆ'ಯೆಂದರೆ ಏಕಘನ ಪರಿಮಾಣದ ದ್ರವ್ಯರಾಶಿಯೆಂಬ ಲಕ್ಷಣವಾಕ್ಯದಲ್ಲಿ ದೋಷವಿಲ್ಲ. ಬಾಯಿಪಾಠಕ್ಕೂ ಅದು ಸುಲಭ. ಒಂದು ಘನ ಸೆಂಟಿಮೀಟರ್ ನೀರು 1 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಕಬ್ಬಿಣವು ಸುಮಾರು 7.9 ಗ್ರಾಂ ತೂಗುವುದನ್ನು ಸ್ವತಃ ತೂಗಿ ಕಂಡವನಿಗೆ ಮಾತ್ರ ಆ ಪದವು ಅರ್ಥವಾಗುತ್ತದೆ. ಉಳಿದವರಿಗೆ ಅದು ಶಬ್ದವಾಗಿಯೇ ಉಳಿಯುತ್ತದೆ. ಪದವು ಕಠಿನವೆಂದು ದೂರುವವರು, ಕಾಠಿನ್ಯವು ಪದದಲ್ಲಿದೆಯೆ, ಅನುಭವದ ಅಭಾವದಲ್ಲಿದೆಯೆ ಎಂಬುದನ್ನು ಮೊದಲು ವಿಚಾರಿಸಬೇಕು.

ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಆರಂಭಿಸಿ ವಿಜ್ಞಾನದ ಉಪನ್ಯಾಸಗಳನ್ನು ಜನಸಾಮಾನ್ಯರ ಬಳಿಗೆ ತಂದರು. ಪತ್ರಿಕೆ, ಗ್ರಂಥ, ಉಪನ್ಯಾಸ ಇವೆಲ್ಲವೂ ಕುತೂಹಲವನ್ನು ಕೆರಳಿಸಬಲ್ಲವು. ಅದನ್ನು ಜ್ಞಾನವಾಗಿ ಪರಿಣಮಿಸುವ ಹೊಣೆ ಪ್ರಯೋಗಶಾಲೆಯದು. ಕನ್ನಡದ ಅಧ್ಯಾಪಕರು ಇದನ್ನು ಪರರ ವಿಷಯವೆಂದು ಬಿಡಲಾಗದು. ಕಣ್ಣಾರೆ ಕಂಡ ವಾಚಕರು ಹೆಚ್ಚಿದಷ್ಟೂ ಕನ್ನಡದ ಶಾಸ್ತ್ರಗದ್ಯವು ಬಲಗೊಳ್ಳುವುದು.