ನೋರಾ ಬಿಟ್ಟುಹೋದ ಮನೆ

ಇಂಗ್ಲಿಷಿನವರಿಗೆ ‘ಹೌಸ್’ ಬೇರೆ, ‘ಹೋಮ್’ ಬೇರೆ. ಮೊದಲನೆಯದು ಇಟ್ಟಿಗೆ, ಗಾರೆ, ಬಾಡಿಗೆಯ ಲೆಕ್ಕ. ಎರಡನೆಯದು ನಮ್ಮದು, ನಮ್ಮವರು ಎಂಬ ಭಾವ. ನಮ್ಮಲ್ಲಿ ಎರಡಕ್ಕೂ ‘ಮನೆ’ ಒಂದೇ ಮಾತು. ಹಾಗೆಂದು ನಮಗೆ ಭೇದ ತಿಳಿಯದೆಂದಲ್ಲ. ಸೈಟು ಕೊಂಡು ಮನೆ ಕಟ್ಟಿಸಿದರು ಎಂದರೆ ಅದು ಹೌಸ್. ಅಣ್ಣತಮ್ಮಂದಿರ ಮನೆ ಒಡೆಯಿತು ಎಂದಾಗ ಒಂದು ಗೋಡೆಯೂ ಬಿರುಕು ಬಿಟ್ಟಿರುವುದಿಲ್ಲ, ಒಡೆದದ್ದು ಹೋಮ್.

ಈ ಭೇದ ಒಂದು ದೊಡ್ಡ ನಾಟಕದ ಹೆಸರಿನಲ್ಲೇ ಕಳೆದುಹೋಗಿದೆ. ನಾರ್ವೆಯ ಹೆನ್ರಿಕ್ ಇಬ್ಸನ್ 1879ರಲ್ಲಿ ಪ್ರಕಟಿಸಿದ ಆ ನಾಟಕದ ಮೂಲ ಹೆಸರು ‘ಎಟ್ ಡುಕ್ಕೆಯೆಮ್’. ಅಲ್ಲಿನ ‘ಯೆಮ್’ ಎಂದರೆ ಹೋಮ್. ಇಂಗ್ಲಿಷಿಗೆ ಬಂದಾಗ ಅದು ‘ಎ ಡಾಲ್ಸ್ ಹೌಸ್’ ಎಂದೇ ಹೆಸರಾಯಿತು. ಮಕ್ಕಳಾಟದ ಬೊಂಬೆಮನೆಗೆ ಇಂಗ್ಲಿಷರು ಹೇಳುವ ಮಾತು ಅದು, ಕಿವಿಗೂ ಹಿತ. ಆದರೆ ಇಬ್ಸನ್ನನ ಮಾತಿನ ಮೊನೆ ಮೊಂಡಾಯಿತು.

ಏಕೆಂದರೆ ನೋರಾಗೆ ಹೌಸಿನ ಕೊರತೆಯಿಲ್ಲ. ಬೆಚ್ಚನೆಯ ಕೋಣೆ, ಕ್ರಿಸ್‌ಮಸ್ ಮರ, ಮೂವರು ಮಕ್ಕಳು, ಬ್ಯಾಂಕಿನಲ್ಲಿ ಮೇಲಿನ ಹುದ್ದೆ ಸಿಕ್ಕ ಗಂಡ. ಆ ಗಂಡನ ಪ್ರಾಣ ಉಳಿಸಲೆಂದೇ ಅವಳು ಹಿಂದೊಮ್ಮೆ ತಂದೆಯ ಸಹಿಯನ್ನು ತಾನೇ ಹಾಕಿ ಸಾಲ ತಂದಿದ್ದಳು. ಗುಟ್ಟು ಬಯಲಾದಾಗ ಅವನಿಗೆ ತನ್ನ ಮರ್ಯಾದೆಯದೇ ಚಿಂತೆ. ಎಂಟು ವರ್ಷ ತಾನು ಬಾಳಿದ್ದು ಬೊಂಬೆಯಾಗಿ ಎಂದು ಆಗ ಅವಳಿಗೆ ಹೊಳೆಯುತ್ತದೆ; ಬಾಗಿಲು ಎಳೆದುಕೊಂಡು ಹೊರಟುಹೋಗುತ್ತಾಳೆ.

ಮಕ್ಕಳನ್ನು ಬಿಟ್ಟುಹೋಗುವ ತಾಯಿ ಅಂದಿನ ಬಹಳ ಮಂದಿಗೆ ಸಹಿಸಲಿಲ್ಲ. ಜರ್ಮನಿಯ ನಟಿಯೊಬ್ಬಳು ಆ ಕೊನೆಯನ್ನು ಅಭಿನಯಿಸಲೊಲ್ಲೆ ಎಂದಾಗ, ನೋರಾ ಮಕ್ಕಳ ಕೋಣೆಯ ಬಾಗಿಲಲ್ಲಿ ಕುಸಿದು ಉಳಿದುಬಿಡುವಂತೆ ಇಬ್ಸನ್ನೇ ಒಲ್ಲದ ಮನಸ್ಸಿನಿಂದ ಇನ್ನೊಂದು ಮುಕ್ತಾಯ ಬರೆದುಕೊಟ್ಟ. ಆ ಮಕ್ಕಳ ನೆನಪು ನನ್ನನ್ನೂ ಚುಚ್ಚುತ್ತದೆ. ಆದರೂ ಅವಳು ಮನೆ ಮುರಿದಳೆಂಬ ಮಾತನ್ನು ಒಪ್ಪಲಾರೆ. ಮುರಿಯಲು ಅಲ್ಲಿ ಮನೆಯಾದರೂ ಎಲ್ಲಿತ್ತು? ಇಬ್ಸನ್ ಇಟ್ಟ ಹೆಸರು ಕೇಳುವುದೂ ಇದನ್ನೇ.

ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮನೆಯ ಪತ್ರ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಹೆಂಡತಿಗೆ ಗಂಡನೊಡನೆ ಬಾಳಿದ ಸೂರಿನಡಿ ಇರುವ ಹಕ್ಕು ಕೊಟ್ಟಿದೆ. ಅದೇನು ಸಣ್ಣ ಮಾತಲ್ಲ. ರಾತ್ರೋರಾತ್ರಿ ಬೀದಿಗೆ ಬಿದ್ದವಳಿಗೆ ಅದರ ಬೆಲೆ ಗೊತ್ತು. ಆದರೆ ಕಾಯ್ದೆ ಕೊಡಬಲ್ಲದ್ದು ಹೌಸ್. ಅದು ಹೋಮ್ ಆಗಬೇಕಾದರೆ ಒಳಗಿರುವವರು ಒಬ್ಬರನ್ನೊಬ್ಬರು ಮನುಷ್ಯರೆಂದು ಕಾಣಬೇಕು. ತವರುಮನೆ ಒಂದು, ಗಂಡನ ಮನೆ ಒಂದು ಎಂದು ಎರಡೆರಡು ಮನೆ ಎಣಿಸುವ ನಾವು ನೋರಾಳ ಕಥೆಯನ್ನು ಅದರ ಮೂಲ ಹೆಸರು ನೆನಪಿಟ್ಟುಕೊಂಡೇ ಓದಬೇಕು.